ನಮ್ಮಪ್ಪ ಏನೂ ಮಾರಲ್ಲ ಮಿಸ್

20 ಜನವರಿ 2026, ಮಂಗಳವಾರ ರಾತ್ರಿ

ಅಮ್ಮ ಹಿತುಕಿದ ಬೇಳೆ ಸಾರು ಮಾಡಿದ್ರು, ಅದೂ ಸೇರ್ಲಿಲ್ಲ ಇವತ್ತು. ಆ ಹುಡುಗನ ಮುಖ ಕಣ್ಮುಂದಿಂದ ಹೋಗ್ತಾನೇ ಇಲ್ಲ.

ಶನಿವಾರ ಸ್ಕೂಲಲ್ಲಿ ಮಕ್ಕಳೇ ಅಂಗಡಿ ಇಟ್ಟು ಮಾರೋ ಮಕ್ಕಳ ಸಂತೆ ಇದೆಯಲ್ಲ, ಅದಕ್ಕೆ ಮುಂಚೆ ಮೂರನೇ ಕ್ಲಾಸಿನವರಿಗೆ ಸರಕು ಅಂದ್ರೇನು ಸೇವೆ ಅಂದ್ರೇನು ಹೇಳ್ಕೊಡೋಣ ಅಂತ ಕೂತೆ. ಸರಕು ಅಂದ್ರೆ ಒಬ್ರೂ ಬಾಯಿ ಬಿಡ್ಲಿಲ್ಲ, ಸಾಮಾನು ಕಣ್ರೋ ಅಂದಮೇಲೆ ಅವರೆಕಾಯಿ, ಸೋಪು, ಚಪ್ಪಲಿ ಅಂತ ಎಲ್ರೂ ಒಟ್ಟಿಗೆ ಕೂಗಿದ್ರು. ಸೇವೆ ಅಂದಾಗ ಮಾತ್ರ ತಟ್ಟಂತ ಕೈ ಮೇಲೆ. "ದೇವಸ್ಥಾನದಲ್ಲಿ ಚೀಟಿ ತಗೊಂಡು ಮಾಡಿಸ್ತಾರಲ್ಲ ಮಿಸ್, ಅದು." ತಪ್ಪು ಅನ್ನೋಕೆ ಮನಸ್ಸು ಬರ್ಲಿಲ್ಲ ನಂಗೆ. ದುಡ್ಡು ಕೊಡ್ತೀವಿ, ಕೈಗೆ ಸಾಮಾನು ಬರಲ್ಲ, ಆದ್ರೆ ನಮಗೋಸ್ಕರ ಒಂದು ಕೆಲಸ ಆಗುತ್ತೆ, ಅದನ್ನೇ ಹಿಡ್ಕೊಂಡು ಮುಂದೆ ಹೋದೆ. ಚೀಲಕ್ಕೆ ಹಾಕ್ಕೊಂಡು ಮನೆಗೆ ತರೋ ಹಂಗಿದ್ರೆ ಸರಕು ಅಂದ್ರೆ, ಎಮ್ಮೆ ಚೀಲಕ್ಕೆ ಹಿಡಿಸಲ್ವಲ್ಲ ಮಿಸ್ ಅಂತ ಒಬ್ಳು. ಸರಿ, ಹೊಡ್ಕೊಂಡು ಬಂದು ಕಟ್ಟೋ ಹಂಗಿದ್ರೂ ಸರಕೇ ಅಂತ ಸೇರಿಸಿದೆ.

ಮನೆಯಿಂದ ಒಂದು ಗಿಟಕು, ಅಂದ್ರೆ ಉಂಡೆ ಕೊಬ್ಬರಿ, ತಗೊಂಡು ಹೋಗಿದ್ದೆ. ಇದು ಸರಕು, ಇದರ ಹಿಂದೆ ಯಾರ್ಯಾರ ಕೆಲಸ ಇದೆ ಅಂತ ಕೇಳಿದ್ದಷ್ಟೇ, ನಮ್ಮ ಕಡೆ ಮಕ್ಕಳಿಗೆ ಹೇಳ್ಕೊಡ್ಬೇಕಾ, ಕಾಯಿ ಕೆಡವೋರು, ಅಟ್ಟಕ್ಕೆ ಏರಿಸೋರು, ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗಿದ ಮೇಲೆ ಸುಲಿಯೋರು, ಚಿಪ್ಪು ಒಡೆಯೋರು, ಗಾಡಿಗೆ ತುಂಬಿ ತಿಪಟೂರು ಮಾರ್ಕೆಟ್ಟಿಗೆ ಹೊಡೆಯೋರು, ಬೋರ್ಡಲ್ಲಿ ಜಾಗನೇ ಉಳೀಲಿಲ್ಲ. ಆಮೇಲೆ ಬಸ್ಸಿನ ಪ್ರಶ್ನೆ. "ನಮ್ಮಮ್ಮ ದುಡ್ಡೇ ಕೊಡಲ್ಲ, ಹಂಗಾದ್ರೆ ಬಸ್ಸು ಸೇವೆ ಅಲ್ವಾ?" ಹೆಂಗಸರಿಗೆ ಫ್ರೀ ಆಗಿದ್ದು 2023ರ ಜೂನಲ್ಲಿ, ಈ ಮಕ್ಕಳು ಬುದ್ಧಿ ಬಂದಾಗಿಂದ ಅಮ್ಮನ ಕೈಲಿ ಜೀರೋ ಟಿಕೆಟ್ಟೇ ನೋಡಿರೋದು. ಅಮ್ಮನ ಬದಲು ಸರ್ಕಾರ ಕೊಡುತ್ತೆ ಕಣ್ರೋ, ಸರ್ಕಾರಕ್ಕೆ ಆ ದುಡ್ಡು ತೆರಿಗೆಯಿಂದ ಬರುತ್ತೆ, ನೀವು ತಿನ್ನೋ ಐದು ರೂಪಾಯಿ ಬಿಸ್ಕತ್ತಲ್ಲೂ ಜಿಎಸ್‌ಟಿ ಇದೆ, ಅದರ ಕನ್ನಡ ಹೆಸರೇ ಸರಕು ಮತ್ತು ಸೇವಾ ತೆರಿಗೆ ಅಂದೆ. ತಾವೂ ಬಸ್ಸಿಗೆ ದುಡ್ಡು ಹಾಕ್ತಿದೀವಿ ಅಂತ ಗೊತ್ತಾಗಿ ಅವಕ್ಕೆ ಎಷ್ಟು ಖುಷಿ!

ಇಲ್ಲಿಗೆ ನಿಲ್ಲಿಸ್ಬೇಕಿತ್ತು. ಸಂತೆ ತಲೇಲಿತ್ತಲ್ಲ, ಒಬ್ಬೊಬ್ಬರನ್ನೇ ಎಬ್ಬಿಸಿ ನಿಮ್ಮನೇಲಿ ಏನು ಮಾರ್ತಾರೆ ಅಂತ ಕೇಳ್ತಾ ಹೋದೆ. ಇಷ್ಟು ಹೊತ್ತು ಸೇವೆ ಸೇವೆ ಅಂದು ನಾನೇ ಹಂಗೆ ಕೇಳಿದ್ದು ತಪ್ಪು.

"ನಮ್ಮಪ್ಪ ಏನೂ ಮಾರಲ್ಲ ಮಿಸ್."

ಹಿಂದಿನಿಂದ ಯಾರೋ ಅವರಪ್ಪ ಕಟಿಂಗ್ ಮಾಡ್ತಾರೆ ಮಿಸ್ ಅಂದ್ರು, ಇಬ್ಬರು ಮೂವರು ನಕ್ಕರು. ಅದೇ ಸೇವೆ, ಡಾಕ್ಟರ್ ಮಾಡೋದೂ ಅದೇ, ಕಂಡಕ್ಟರ್ ಮಾಡೋದೂ ಅದೇ ಅಂತ ದೊಡ್ಡದಾಗಿ ಬರೆದೆ. ಅವನು ಬೋರ್ಡ್ ನೋಡ್ಲೇ ಇಲ್ಲ.

ಬೆಲ್ ಆದ್ಮೇಲೆ ಬಾಗಿಲ ಹತ್ರ ನಿಂತಿದ್ದ.

"ಶನಿವಾರ ನಾನು ಬರಲ್ಲ ಮಿಸ್."

"ಯಾಕೋ ಪುಟ್ಟ?"

"ನಮಗೆ ತೋಟ ಇಲ್ಲ."

ಏನು ಹೇಳ್ಬೇಕು ತೋಚದೆ, ಅಪ್ಪನ ಅಂಗಡೀಲಿ ಏನೇನಿದೆ ಅಂತ ಕೇಳಿದೆ. ಎದುರುಬದುರು ಎರಡು ಕನ್ನಡಿ ಇದಾವಂತೆ, ಮಧ್ಯ ಕೂತ್ರೆ ಅವನೊಬ್ಬನೇ ಸಾಲಾಗಿ ಎಷ್ಟೊಂದು ಜನ ಆಗ್ತಾನಂತೆ. ಅದನ್ನ ಹೇಳುವಾಗ ಮುಖ ಅರಳ್ತು. ಆಮೇಲೆ, "ಕನ್ನಡಿ ಮಾರಕ್ಕಾಗಲ್ಲ ಅಲ್ವಾ ಮಿಸ್" ಅಂದು ಓಡಿಹೋದ.

ರಾತ್ರಿ ಅಮ್ಮನ ಹತ್ರ ಹೇಳ್ಕೊಂಡೆ. ಅವರ ತವರೂರಲ್ಲಿ ಕ್ಷೌರ ಮಾಡೋರು ಮನೆಮನೆಗೇ ಬರೋರಂತೆ, ವರ್ಷವಿಡೀ ಮಾಡಿದ್ದಕ್ಕೆ ರಾಗಿ ರಾಶಿ ಆದ ದಿನ ಕಣದ ಅಂಚಲ್ಲಿ ನಿಂತು ಕೊಟ್ಟಷ್ಟು ರಾಗಿನ ಆಯ ಅಂತ ತಗೊಂಡು ಹೋಗೋರಂತೆ. ಒಳಗೆ ಕರೀತಿರ್ಲಿಲ್ಲ ಕಣೆ, ಅಂದ್ರು ಅಮ್ಮ, ಮೆಲ್ಲಗೆ. ನಂಗೆ ಆ ಹುಡುಗನ ಅಪ್ಪನ ಅಂಗಡಿ ಗೋಡೆ ನೆನಪಾಯ್ತು, ಕಟಿಂಗ್ ಇಷ್ಟು, ಶೇವಿಂಗ್ ಇಷ್ಟು ಅಂತ ಅವರೇ ರೇಟ್ ಬರೆದು ಅಂಟಿಸಿದಾರೆ. ಕೊಟ್ಟಷ್ಟು ಅಲ್ಲ, ಅವರು ಹೇಳಿದಷ್ಟು. ಕ್ಲಾಸಲ್ಲಿ ಇದನ್ನ ಹೇಳ್ಬೇಕಿತ್ತು ನಾನು.

ಹೆಡ್ ಮೇಷ್ಟ್ರು, ಅವನ ಕೈಗೊಂದು ಬಾಚಣಿಗೆ ಕೊಟ್ಟು ಸಂತೇಲಿ ಕೂರಿಸಿ, ಸೇವೆಗೆ ಉದಾಹರಣೆ ಆಗುತ್ತೆ ಅಂದ್ರು. ಒಳ್ಳೆ ಮನಸ್ಸಿಂದಾನೇ ಅಂದಿದ್ದು. ನಂಗೆ ಮಾತ್ರ ಹೊಟ್ಟೇಲಿ ಕಲ್ಲು ಬಿದ್ದಂಗಾಯ್ತು, ಎಂಟು ವರ್ಷದ ಮಗು ಅದು, ಅಪ್ಪನ ಕೆಲಸ ಅಂತ ಅವನ ಮೇಲೆ ಹಾಕಿ ಊರೋರ ಮುಂದೆ ಕೂರಿಸೋದಾ? ಅವನ ಅಕ್ಷರ ದುಂಡಗಿದೆ. ಎಲ್ಲ ಅಂಗಡಿಗೂ ರೇಟ್ ಬೋರ್ಡ್ ಬೇಕು, ಬೋರ್ಡಿಗೆ ಎರಡು ರೂಪಾಯಿ ಅಂತ ಬರೆದುಕೊಡ್ಲಿ, ಅದೂ ಸೇವೆನೇ ಅಲ್ವಾ ಅನ್ಕೊಂಡೆ, ಸಮಾಧಾನನೂ ಆಯ್ತು. ಹಾಸಿಗೆಗೆ ಬಂದ ಮೇಲೆ ಶುರುವಾಯ್ತು, ಹಂಗೆ ಮಾಡಿದ್ರೆ ನಿಮ್ಮಪ್ಪನ ಕೆಲಸ ಮುಚ್ಚಿಡೋದು ಕಣೋ ಅಂತ ನಾನೇ ಹೇಳ್ಕೊಟ್ಟಂಗಾಗಲ್ವಾ?

ಅವನನ್ನೇ ಕೇಳ್ಬೇಕು. ನಾಳೆ ಹಾಲು ಕೊಡೋ ಹೊತ್ತಲ್ಲಿ ಪಕ್ಕಕ್ಕೆ ಕರೆದು, ಇಲ್ಲಾ ಸಂಜೆ ಆ ಅಂಗಡಿಗೇ ಹೋಗಿ ಅವರಪ್ಪನ ಹತ್ರನೇ, ಆದ್ರೆ ಅವರ ಮುಂದೆ ಮಾತು ಎಲ್ಲಿಂದ ಶುರು ಮಾಡ್ಲಿ ಅಂತ