ಮೂವರು ಬಂದರು, ಮೂರು ರಿಜಿಸ್ಟರ್ ತುಂಬಿದವು

ಗುಳೇದಗುಡ್ಡದ ಸಮೀಪದ ಹಳ್ಳಿಯಲ್ಲಿ ಒಬ್ಬರೇ ವಾಸಿಸುವ, ಆಯುಷ್ಯವೆಲ್ಲ ಕುಪ್ಪಸದ ಖಣ ನೇಯ್ದ ನಮ್ಮ ಸೋದರತ್ತೆಗೆ ಕಳೆದ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ಮೂವರು ಬಂದು ಹೋದರು. ಆಶಾ ಕಾರ್ಯಕರ್ತೆ ಬಿ.ಪಿ. ಗುಳಿಗೆ ಕೊಟ್ಟು, "ಯವ್ವಾ, ಒಂದಿನಾನೂ ತಪ್ಪಸಬ್ಯಾಡ" ಎಂದರು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಬೇಕಾದ ಕಾಗದಗಳನ್ನು ಹೇಳಿದರು. ಗ್ರಾಮ ಆಡಳಿತ ಅಧಿಕಾರಿ ಸಂಧ್ಯಾ ಸುರಕ್ಷಾ ಪಿಂಚಣಿದಾರರು ಬದುಕಿದ್ದಾರೆಂದು ಗುರುತು ಹಾಕಿಕೊಂಡರು.

ನಾನು ಹೋದಾಗ ತಲೆದಿಂಬಿನ ಕೆಳಗೆ ಒಡೆಯದ ಗುಳಿಗೆಯ ಪಟ್ಟಿಗಳಿದ್ದವು. "ಎರಡೂ ಹೊತ್ತು ಉಂಡ ಮ್ಯಾಲೆ ತಗೋ ಅಂದಾರಪಾ, ನಾ ಉಣ್ಣೂದ ಒಪ್ಪತ್ತ" ಎಂದರು ಅತ್ತೆ. ಮಗ್ಗದ ನೂಲಿಗೆ ಸವೆದ ಹೆಬ್ಬೆಟ್ಟು ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಹತ್ತದೆ ಪಡಿತರ ನಿಂತಿತ್ತು. ಬಂದವರಲ್ಲಿ ಯಾರೂ ಸೋಮಾರಿಗಳಲ್ಲ; ಆದರೆ ಒಬ್ಬರದು ಆರೋಗ್ಯ, ಇನ್ನೊಬ್ಬರದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ, ಮತ್ತೊಬ್ಬರದು ಕಂದಾಯ ಇಲಾಖೆಯಾಗಿದ್ದರಿಂದ ಊಟದ ಮಾತು ಯಾರ ರಿಜಿಸ್ಟರಿನಲ್ಲಿಯೂ ಇರಲಿಲ್ಲ.

ಇದೇ ಓಣಿಯಲ್ಲಿ ಒಬ್ಬ ಬಸುರಿಯಿದ್ದರೆ ಹೀಗಾಗುವುದಿಲ್ಲ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿ ಕಾರ್ಯಕರ್ತೆ, 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ, ಉಪಕೇಂದ್ರದ ನರ್ಸಮ್ಮ ಎರಡು ಬೇರೆ ಇಲಾಖೆಯವರಾದರೂ ಒಂದೇ ದಿನ ಕೂಡುತ್ತಾರೆ, ಬಸುರಿಯ ತಪಾಸಣೆ ಬರೆದಿಡುವ ಒಂದೇ ತಾಯಿ ಕಾರ್ಡನ್ನು ನೋಡುತ್ತಾರೆ. ಹಿರಿಯರಿಗೆ ಪಾಲನೆ-ಪೋಷಣೆಯ 2007ರ ಕಾಯ್ದೆಯಿದೆ, ವೃದ್ಧರ ಆರೋಗ್ಯ ಕಾರ್ಯಕ್ರಮವಿದೆ, 14567 ಸಹಾಯವಾಣಿಯೂ ಇದೆ. ಇಲ್ಲದ್ದು ಅಂಥದೊಂದು ಕಾರ್ಡ್ ಮತ್ತು ಕೂಡಿ ಕುಳಿತುಕೊಳ್ಳುವ ಒಂದು ದಿನ. ಹಾಗೆಂದು ಎಲ್ಲವನ್ನೂ ಆಶಾ ಕಾರ್ಯಕರ್ತೆಯ ತಲೆಗೆ ಕಟ್ಟುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಗೌರವಧನದ ಮೇಲೆ ದುಡಿಯುವ, ಕೆಲಸಕ್ಕಿಷ್ಟೆಂದು ಪ್ರೋತ್ಸಾಹಧನ ಎಣಿಸಿಕೊಳ್ಳುವ ಆಕೆ ಹಾಸಿಗೆ ಹಿಡಿದ ಮುದುಕಿಯ ಪಕ್ಕ ಅರ್ಧ ತಾಸು ಕುಳಿತರೆ ಆ ಅರ್ಧ ತಾಸಿಗೂ ಬೆಲೆ ಕಟ್ಟಬೇಕು.

ಸದ್ಯಕ್ಕೆ ನಾನೇ ಇನ್ನೂರು ಪುಟದ ನೋಟುಬುಕ್ಕೊಂದನ್ನು ತಂದು, ದಾರ ಕಟ್ಟಿ, ಮಗ್ಗದ ಕಂಬಕ್ಕೆ ತೂಗುಹಾಕಿ ಬಂದೆ. ಆಶಾ ಕಾರ್ಯಕರ್ತೆ ಮೊದಲ ಪುಟದಲ್ಲಿ "ಸಂಜೆ ಗುಳಿಗೆ ತೆಗೆದುಕೊಂಡಿಲ್ಲ. ಕಾರಣ: ಊಟ ಇಲ್ಲ, ಹೆಬ್ಬೆಟ್ಟು ಹತ್ತುತ್ತಿಲ್ಲ" ಎಂದು ಬರೆದರು. ಮುಂದಿನ ವಾರ ಬಂದ ಪುನರ್ವಸತಿ ಕಾರ್ಯಕರ್ತರು ಅದನ್ನು ಓದಿ, ಹೊಸ್ತಿಲಲ್ಲಿ ನಿಂತುಕೊಂಡೇ ನ್ಯಾಯಬೆಲೆ ಅಂಗಡಿಗೆ ಫೋನ್ ಹಚ್ಚಿದರು.