ಯಾರು ಬೇಯ್ಸಿದ್ದು ಇಷ್ಟೊಂದನ್ನ?

"ಇದು ಚೊಗರಲ್ವೇನವ್ವಾ? ಯಾರು ಬೇಯ್ಸಿದ್ದು ಇಷ್ಟೊಂದನ್ನ?"

ಭಾನುವಾರ ದೊಡ್ಡಪ್ಪ ಕೇಳಿದ ಮಾತು. ಇವತ್ತು ಗುರುವಾರ. ಇನ್ನೂ ಕಿವಿಯಲ್ಲೇ ಇದೆ.

ಗುಬ್ಬಿ ಹತ್ತಿರದ ನಮ್ಮೂರಲ್ಲಿ ಈಗ ಅಡಿಕೆ ಕಾಲ. ಅಂಗಳದ ಒಂದು ಕಡೆ ಸುಲಿಯೋರು, ಇನ್ನೊಂದು ಕಡೆ ಹಂಡೆ ಕೆಳಗೆ ಉರಿ. ನಾನು ತಂಗಿ ಮನೆಗೆ ಅಮೆರಿಕಕ್ಕೆ ಹೋಗಿ ಬಂದು ಹತ್ತು ದಿನವಾಗಿತ್ತು. ಫೋಟೋ ತೋರಿಸು ಅಂದರು. ದೊಡ್ಡ ದೊಡ್ಡ ಕಟ್ಟಡ ಇರುತ್ತೆ ಅಂದುಕೊಂಡಿದ್ದರು ಪಾಪ. ನನ್ನ ಫೋನಿನಲ್ಲಿ ಇದ್ದದ್ದೆಲ್ಲ ಓಕಿಫೆನೋಕಿ ಜೌಗು. ಕಪ್ಪು ನೀರು, ಅದರ ಮೇಲೆ ಒಂದು ಉದ್ದನೆಯ ದೋಣಿ, ದೋಣಿಯಲ್ಲಿ ಹುಟ್ಟು ಹಿಡಿದು ಕೂತ ನಾನು.

ಚಿಕ್ಕಪ್ಪನ ಮಗ ಮೊದಲು ನೋಡಿದ. "ಅಕ್ಕಾ, ಅಷ್ಟು ದೂರ ಹೋಗಿ ಚರಂಡೀಲಿ ದೋಣಿ ಹೊಡೆದ್ಯಾ?" ಎಲ್ಲರೂ ನಕ್ಕರು. ಅವನು ಕೆಟ್ಟವನಲ್ಲ. ತೋಟದಲ್ಲಿ ಅವನಷ್ಟು ದುಡಿಯೋರು ಮನೆಯಲ್ಲಿ ಇನ್ನೊಬ್ಬರಿಲ್ಲ. ಆದರೆ ಯಾರ ಮಾತನ್ನೂ ಮುಗಿಸಲು ಬಿಡುವುದಿಲ್ಲ. ನಾನು ಬಾಯಿ ತೆಗೆಯುವಷ್ಟರಲ್ಲಿ ಫೋನು ಕೈಯಿಂದ ಕೈಗೆ ಹೋಗಿ ದೊಡ್ಡಪ್ಪನ ಹತ್ತಿರ ನಿಂತಿತ್ತು.

ಅವರು ನೋಡುತ್ತಿದ್ದ ಫೋಟೋದಲ್ಲಿ ನನ್ನ ಬೊಗಸೆ ತುಂಬ ನೀರಿದೆ. ದೋಣಿಯಿಂದ ನೋಡಿದರೆ ಕಾಡಿಗೆಯಂತಿದ್ದ ನೀರು ಬೊಗಸೆಗೆ ಬಂದರೆ ತೆಳು ಟೀ ಬಣ್ಣ. ಅಂಗೈ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಅದನ್ನು ನೋಡಿ, ಹಂಡೆ ಕಡೆ ಒಂದು ಸಲ ತಿರುಗಿ, ಆ ಮಾತು ಕೇಳಿದರು.

ಐವತ್ತು ವರ್ಷ ಆ ಹಂಡೆ ಮುಂದೆ ನಿಂತ ಮನುಷ್ಯ. ಅಡಿಕೆ ಬೆಂದ ನೀರೇ ಚೊಗರು. ಹಂಡೆಯಲ್ಲಿ ಕಪ್ಪು, ಸೌಟಿನಲ್ಲಿ ಎತ್ತಿದರೆ ಕೆಂಪು. ಬಟ್ಟೆಗೆ ಹತ್ತಿದರೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಅಡಿಕೆಯ ಒಗರು ನೀರಿಗೆ ಇಳಿದದ್ದು ಅದು. ಆ ಒಗರಿಗೆ ಟ್ಯಾನಿನ್ ಅನ್ನುತ್ತಾರೆ. ಜೌಗಿನ ನೀರಿನಲ್ಲಿರುವುದೂ ಟ್ಯಾನಿನ್ನೇ. ಎಲೆ, ತೊಗಟೆ, ಬೇರು ನೀರಲ್ಲಿ ನೆನೆದು ನೆನೆದು ಬಿಟ್ಟುಕೊಟ್ಟ ಒಗರು. ಉರಿ ಒಂದಿಲ್ಲ. ಅಲ್ಲಿನ ಗೈಡ್ ಹುಡುಗಿ ಇದನ್ನೆಲ್ಲ ಚೆನ್ನಾಗಿಯೇ ವಿವರಿಸಿದ್ದಳು. ನಾನು ತಲೆಯಾಡಿಸಿದ್ದೆ. ಅರ್ಥವಾದದ್ದು ಮಾತ್ರ ನಮ್ಮ ಅಂಗಳದಲ್ಲಿ.

"ಯಾರೂ ಬೇಯ್ಸಿಲ್ಲ ದೊಡ್ಡಪ್ಪ. ಸಾವಿರಾರು ವರ್ಷದಿಂದ ತಾನಾಗೇ ನೆನೀತಾ ಇದೆ" ಅಂದೆ. "ಹಂಗಾರೆ ಅದು ಕೆಟ್ಟ ನೀರಲ್ಲ" ಅಂದರು. ಅಷ್ಟೇ. ಫೋಟೋ ಮಾತ್ರ ಕೊಡಲಿಲ್ಲ, ಇನ್ನೂ ನೋಡುತ್ತಿದ್ದರು.

ಅಲ್ಲಿ ನಾವು ಎರಡು ರಾತ್ರಿ ಇದ್ದೆವು. ನೆಲ ಅನ್ನೋದು ಹೆಸರಿಗೆ ಮಾತ್ರ. ಕೊಳೆತೂ ಕೊಳೆಯದ ಎಲೆ, ಬೇರುಗಳ ಪದರ ಕೆಲವು ಕಡೆ 15 ಅಡಿ ದಪ್ಪ ಇದೆ. ಕಾಲಿಟ್ಟರೆ ಪಕ್ಕದ ಪೊದೆ ಅಲ್ಲಾಡುತ್ತದೆ. ಅದಕ್ಕೇ ನೀರಿನ ಮೇಲೆ ಮರದ ಅಟ್ಟಣೆ ಕಟ್ಟಿದ್ದಾರೆ. ಒಂದು ರಾತ್ರಿಗೆ ಒಂದು ಅಟ್ಟಣೆ ಒಂದೇ ಗುಂಪಿಗೆ. ಅದರ ಮೇಲೆ ಟೆಂಟು, ಸಣ್ಣ ಸ್ಟೌವಿನಲ್ಲಿ ಉಪ್ಪಿಟ್ಟು. ಸಂಜೆ ಗಾಳಿ ನಿಂತಾಗ ಸೈಪ್ರೆಸ್ ಮರಗಳು ನೀರೊಳಗೆ ತಲೆಕೆಳಗಾಗಿ ನಿಂತವು. ನಿಜದ ಮರ ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಗೊತ್ತಾಗಲಿಲ್ಲ. ಹುಟ್ಟು ಹಾಕಲು ಮನಸ್ಸೇ ಬರಲಿಲ್ಲ. ಕತ್ತಲಾದ ಮೇಲೆ ಟಾರ್ಚ್ ಬಿಟ್ಟರೆ ಜೋಡಿ ಜೋಡಿ ಕೆಂಪು ಚುಕ್ಕಿ. ಮೊಸಳೆ ಜಾತಿಯ ಆಲಿಗೇಟರ್ ಕಣ್ಣು. ತಂಗಿಯ ಗಂಡ ಅಂಜುಬುರುಕ ಅಂತ ಮದುವೆಯಾದಾಗಿನಿಂದ ಅಂದುಕೊಂಡಿದ್ದೆ. ಆ ರಾತ್ರಿ ನಾವೆಲ್ಲ ಮಲಗಿದ ಮೇಲೂ ಅವನೊಬ್ಬ ಅಟ್ಟಣೆಯ ಅಂಚಿನಲ್ಲಿ ಬೆಳಗಿನವರೆಗೆ ಕೂತಿದ್ದ. ಇನ್ನು ಮುಂದೆ ಹಾಗೆ ಅನ್ನುವುದಿಲ್ಲ.

ಆ ಜೌಗಿನಿಂದ ಎರಡು ನದಿ ಹೊರಡುತ್ತವೆ. ಸುವಾನಿ ಮೆಕ್ಸಿಕೊ ಕೊಲ್ಲಿಗೆ, ಸೇಂಟ್ ಮೇರೀಸ್ ಅಟ್ಲಾಂಟಿಕ್ಕಿಗೆ. ಕೇಳಿದ ತಕ್ಷಣ ನಮ್ಮ ದೇವರಾಯನದುರ್ಗ ನೆನಪಾಯಿತು. ಅಲ್ಲೂ ಹಾಗೇ ಅಲ್ವಾ? ಶಿಂಷಾ ದಕ್ಷಿಣಕ್ಕೆ ಕಾವೇರಿ ಸೇರಲು ಹೋದರೆ, ಜಯಮಂಗಲಿ ಉತ್ತರಕ್ಕೆ ಪಿನಾಕಿನಿ ಹುಡುಕಿಕೊಂಡು ಹೋಗುತ್ತಾಳೆ.

ನಾವು ದೋಣಿ ಬಿಟ್ಟದ್ದು ಒಂದು ನೇರ ಕಾಲುವೆಯಲ್ಲಿ. 1891ರಲ್ಲಿ ಒಂದು ಕಂಪನಿ ಆ ಜೌಗಿನ ಬಹುಭಾಗ ಕೊಂಡು, ನೀರು ಬಸಿದು ಹೊಲ ಮಾಡುತ್ತೇವೆ ಅಂತ ತೋಡಿದ ಕಾಲುವೆ. ಹನ್ನೆರಡು ಮೈಲಿ ಮುಟ್ಟುವ ಮೊದಲೇ ದುಡ್ಡು ಮುಗಿಯಿತು. ಆಮೇಲೆ ಬಂದವರು ಮರ ಕಡಿದರು. 1937ರಲ್ಲಿ ಸರ್ಕಾರ ಅದನ್ನು ರಕ್ಷಿತ ವನ್ಯಧಾಮ ಮಾಡಿತು. ದೊಡ್ಡಪ್ಪನಿಗೆ ಇದನ್ನು ಹೇಳಿದರೆ ಅವರು ಕೇಳಿದ್ದು ಒಂದೇ: "ನೀರು ಒಣಗ್ಸಕ್ಕೆ ದುಡ್ಡು ಹಾಕಿದ್ರಾ?" ಹೇಮಾವತಿ ಕಾಲುವೆ ಕಡೆ ಕಣ್ಣಿಟ್ಟು ಕೂರುವ ಊರಿನವರು ಇನ್ನೇನು ಕೇಳಬೇಕು?

ತಮ್ಮ ನಕ್ಕದ್ದಕ್ಕೆ ಭಾನುವಾರ ಬೇಜಾರಾಗಿತ್ತು. ಈಗಿಲ್ಲ. ಅವನು ಹುಟ್ಟಿದಾಗಿನಿಂದ ನೋಡಿದ ಕಪ್ಪು ನೀರೆಲ್ಲ ಜನ ಕಪ್ಪು ಮಾಡಿದ್ದೇ. ಊರ ಹೊರಗಿನ ಮೋರಿ, ಪೇಟೆಯ ಚರಂಡಿ. ಅವನಿಗೆ ಬೇರೆ ಏನು ಹೊಳೆಯಬೇಕು? ಆದರೆ ಅದೇ ಹಂಡೆ ಅವನ ಎದುರಿಗೂ ಇತ್ತು. ನನ್ನ ಎದುರಿಗೂ ಇತ್ತು. ಮೂರು ದಿನ ಆ ನೀರಿನ ಮೇಲೆ ಓಡಾಡಿದ ನನಗೂ ಚೊಗರು ನೆನಪಾಗಲಿಲ್ಲ. ನಾನು ಟೀ ಅಂದೆ, ಕಾಫಿ ಡಿಕಾಕ್ಷನ್ ಅಂದೆ, ನಮ್ಮ ಮನೆಯ ಮಾತು ಬಾಯಿಗೆ ಬರಲಿಲ್ಲ. ಇದು ನನ್ನನ್ನು ನಾಲ್ಕು ದಿನದಿಂದ ಕೊರೆಯುತ್ತಿದೆ.

ನಿನ್ನೆ ರಾತ್ರಿ ದೊಡ್ಡಪ್ಪ ಫೋನ್ ಮಾಡಿದ್ದರು. ಅವರಾಗಿ ಫೋನ್ ಮಾಡುವುದು ಅಪರೂಪ.

"ಆ ನೀರು ನಾಲಿಗೆಗೆ ಒಗರು ಹತ್ತಿತಾ?"

ನಾನು ಬಾಯಿಗೆ ಹಾಕಿರಲಿಲ್ಲ. ಕುಡಿಯೋ ನೀರು ಕ್ಯಾನಿನಲ್ಲಿ ತುಂಬಿಕೊಂಡು ಹೋಗಿದ್ದೆವು.