ಕೈ ತಾನಾಗಿ ಥ್ರಾಟಲ್ ಇಳಿಸಿತು

ಅಕ್ಟೋಬರ್ 12, 2025, ಭಾನುವಾರ

ಮೊಣಕೈ ತರಚಿದೆ, ಬೂಟು ಇನ್ನೂ ಒದ್ದೆ. ಮರೆಯುವ ಮೊದಲು ಬರೆದಿಡುತ್ತೇನೆ.

ಬೆಳಗ್ಗೆ ಅಣ್ಣನೂ ನಾನೂ ಗಾಳ ಹಿಡಿದು, ಚಪ್ಪಟೆ ತಳದ ಪುಟ್ಟ ದೋಣಿಯಲ್ಲಿ ಹೊಳೆಯ ಮೇಲ್ಗಡೆಗೆ ಹೊರಟೆವು. ನೀರು ಇಳಿದಿತ್ತು. ಹೋದ ಸಲ ಮುಳುಗಿದ್ದ ಬಂಡೆಗಳೆಲ್ಲ ಬೆನ್ನು ತೋರಿಸುತ್ತಿದ್ದವು. ಸೆಳವಿಗೆ ಎದುರಾಗಿ ಹೋಗುವುದು ಕಷ್ಟ ಎನ್ನುತ್ತಾರೆ, ನನಗೆ ಅದೇ ಸುಲಭ. ಎಂಜಿನ್ ತುಸು ತಗ್ಗಿಸಿದರೆ ದೋಣಿ ನಿಂತಲ್ಲೇ ನಿಲ್ಲುತ್ತದೆ, ನೀರನ್ನು ಓದಲು ಪುರುಸೊತ್ತು ಸಿಗುತ್ತದೆ. ಎರಡು ಬಂಡೆಗಳ ನಡುವೆ ನುಣುಪಾಗಿ ನುಗ್ಗುವ ನೀರು ಬಾಣದಂತೆ ಚೂಪಾಗುತ್ತಾ ಕೆಳಹರಿವಿಗೆ ಮೊನೆ ಮಾಡಿದ್ದರೆ ಅದು ದಾರಿ. ಮೊನೆ ಸೆಳವಿಗೆ ಎದುರಾಗಿದ್ದರೆ ಅಲ್ಲೇ, ನೀರಿನ ಸ್ವಲ್ಪ ಕೆಳಗೆ, ಕಲ್ಲು ಕೂತಿರುತ್ತದೆ. ತಿರುವಿನಲ್ಲಿ ಹೊರಬದಿ ಆಳ, ಒಳಬದಿ ಮರಳು, ಜಲ್ಲಿ. ಆದರೆ ಹೊರಬದಿಯಲ್ಲೇ ಮರಗಳೂ ಉರುಳಿ ಬಿದ್ದಿರುತ್ತವೆ. ಕೊಂಬೆಗಳ ನಡುವೆ ನೀರು ತೂರಿಹೋಗುತ್ತದೆ, ದೋಣಿ ತೂರುವುದಿಲ್ಲ.

ಯಡವಟ್ಟಾಗಿದ್ದು ವಾಪಸು ಬರುವಾಗ. ಬಿಸಿಲು ಎದುರಿಗಿತ್ತು, ನೀರೆಲ್ಲ ತಗಡಿನಂತೆ ಹೊಳೆಯುತ್ತಿತ್ತು. ನೀರಿನ ಹೊಳಪು ತಗ್ಗಿಸುವ ಪೋಲರೈಸ್ಡ್ ಕನ್ನಡಕ ಚೀಲದಲ್ಲಿ ಭದ್ರವಾಗಿತ್ತು! ದೋಣಿ ವೇಗ ಹಿಡಿದು ನೀರಿನ ಮೇಲೆ ಜಾರುತ್ತಿದ್ದಾಗ ಇದ್ದಕ್ಕಿದ್ದಂತೆ ತಳದ ಕಲ್ಲುಗಳು ಕಣ್ಣಿಗೆ ಬಿದ್ದವು. ಕೈ ತಾನಾಗಿ ಥ್ರಾಟಲ್ ಇಳಿಸಿತು.

ಅದೇ ತಪ್ಪು. ಜಾರುತ್ತಿರುವ ದೋಣಿಗೆ ಕಡಿಮೆ ನೀರು ಸಾಕು. ವೇಗ ತಟ್ಟನೆ ಬಿದ್ದರೆ ಹಿಂಭಾಗ ಕುಸಿದು ಕೂರುತ್ತದೆ, ಪ್ರೊಪೆಲ್ಲರ್ ಇನ್ನೂ ಕೆಳಗಿಳಿಯುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಬಾಯಿಪಾಠವೇ ಆಗಿತ್ತು. ಹಾಗಂತ ಕಲ್ಲು ಕಂಡಾಗೆಲ್ಲ ವೇಗ ಬಿಡಬಾರದು ಅಂತಲೂ ಅಲ್ಲ. ಕಣ್ಣಿಗೆ ಮುಂದಿನದು ಕಾಣದಿದ್ದಾಗ ಆ ವೇಗದಲ್ಲಿ ಅಲ್ಲಿಗೆ ಬಂದದ್ದೇ ಮೊದಲ ತಪ್ಪು.

ಟಕ್ ಎಂದಿತು. ಶಿಯರ್ ಪಿನ್, ಅಂದರೆ ಪ್ರೊಪೆಲ್ಲರ್ ಕಲ್ಲಿಗೆ ಬಡಿದಾಗ ಎಂಜಿನ್ ಉಳಿಸಲೆಂದೇ ಮುರಿಯುವ ಪುಟ್ಟ ಕಡ್ಡಿ, ತುಂಡಾಯಿತು. ಎಂಜಿನ್ ಅರಚುತ್ತಿದೆ, ದೋಣಿಗೆ ತಳ್ಳುವವರಿಲ್ಲ. ಸೆಳವು ದೋಣಿಯನ್ನು ಅಡ್ಡಕ್ಕೆ ತಿರುಗಿಸಿತು. ಕಾಲ ಬಳಿಯಿದ್ದ ಲಂಗರಿಗೆ ಕೈ ಹಾಕಿದೆ.

‘ಲೇ, ಹಿಂದಿನಿಂದ ಹಾಕಬೇಡ!’ ಅಣ್ಣ ಕೂಗಿದ.

ಹಾಕಿದ್ದರೆ ಈ ಹೊತ್ತು ಬರೆಯಲು ಕೂತಿರುತ್ತಿರಲಿಲ್ಲವೇನೋ. ಎಂಜಿನ್ ಭಾರಕ್ಕೆ ಹಿಂಭಾಗ ಮೊದಲೇ ತಗ್ಗು. ಅಲ್ಲಿ ಹಗ್ಗ ಬಿಗಿದರೆ ನೀರು ನೇರ ಒಳಕ್ಕೆ. ಸೆಳವಿನ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟು. ಸಣ್ಣ ದೋಣಿ ಎಷ್ಟು ತಡೆದೀತು?

ಅಷ್ಟರಲ್ಲಿ ದೋಣಿ ಬಂಡೆಗೆ ಅಡ್ಡಲಾಗಿ ಒರಗಿತು. ಬಂಡೆಯಿಂದ ದೂರ ಸರಿಯಬೇಕೆಂದು ಮೈಯೆಲ್ಲ ಹೇಳುತ್ತದೆ. ‘ಬಂಡೆ ಕಡೆಗೇ ವಾಲು, ಅಪ್ಪಿಕೊ ಅದನ್ನ!’ ಎಂದ. ವಾಲಿದೆ. ಸೆಳವು ಬಂದು ಬಡಿಯುವ ಬದಿಯ ಅಂಚು ಎದ್ದಿತು. ಅದು ತಗ್ಗಿದ್ದರೆ ಹೊಳೆ ಒಳಗಿರುತ್ತಿತ್ತು. ಮೊಣಕೈ ತರಚಿದ್ದು ಆಗಲೇ. ಇಳಿದು ತಳ್ಳಲೇ ಎಂದು ಕೇಳಿದ್ದಕ್ಕೆ ಬೈದ. ನೋಡಲು ತೊಡೆಮಟ್ಟದ ನೀರು, ಆದರೆ ಕಲ್ಲುಗಳ ನಡುವೆ ಪಾದ ಸಿಕ್ಕಿಕೊಂಡರೆ ಸೆಳವು ಮನುಷ್ಯನನ್ನು ಬಗ್ಗಿಸಿ ಮುಳುಗಿಸಿಬಿಡುತ್ತದೆ. ನೀರಿಗೆ ಬಿದ್ದರೂ ಅಂಗಾತ, ಪಾದಗಳನ್ನು ಕೆಳಹರಿವಿಗೆ ಮಾಡಿ ತೇಲಬೇಕು. ಲೈಫ್ ಜಾಕೆಟ್ ಇಬ್ಬರ ಮೈಮೇಲೂ ಇತ್ತು, ಅದೊಂದು ಬುದ್ಧಿ ಮಾಡಿದ್ದೆವು.

ಅಣ್ಣ ಕೋಲು ಊರಿ ಒತ್ತಿದ. ದೋಣಿ ಬಂಡೆಯ ಅಂಚು ಸವರಿಕೊಂಡು ಅದರ ಬೆನ್ನ ಹಿಂದಿನ ನಿಂತ ನೀರಿಗೆ ಸೇರಿತು. ಒಂದು ಮಾರು ಆಚೆ ಅಷ್ಟು ಅಬ್ಬರ, ಇಲ್ಲಿ ಎಲೆಯೊಂದು ಸುಮ್ಮನೆ ಸುತ್ತುತ್ತಿತ್ತು. ಅಲ್ಲೇ ಎಂಜಿನ್ ಎತ್ತಿ ಪಿನ್ ಬದಲಿಸಿದೆವು. ನನ್ನ ಕೈ ನಡುಗುತ್ತಿದ್ದುದರಿಂದ ಇಕ್ಕಳ ಅಣ್ಣನೇ ಹಿಡಿದ.

ಉಳಿದ ಹಾದಿಯನ್ನು ದೋಣಿಯ ಮೂತಿ ಹೊಳೆಯ ಮೇಲ್ಗಡೆಗೆ ತಿರುಗಿಸಿ, ಎಂಜಿನ್‌ನಿಂದ ಸೆಳವನ್ನು ತಡೆಯುತ್ತಾ, ಹಿಂದುಹಿಂದಾಗಿ ಇಳಿದೆವು. ನೋಡಲು ಚೆಂದವಿಲ್ಲ, ಕುತ್ತಿಗೆ ನೋಯುತ್ತದೆ. ಒಂದು ಕಲ್ಲೂ ತಾಗಲಿಲ್ಲ.

ಲಂಗರನ್ನು ಮುಂಭಾಗಕ್ಕೆ ಸಾಗಿಸಿ ಕಟ್ಟಿ ಬಂದಿದ್ದೇನೆ. ಡಬ್ಬಿಯಲ್ಲಿ ಇನ್ನು ಒಂದೇ ಪಿನ್ ಇದೆ, ನಾಳೆ ತರಬೇಕು.